ಫೇಸ್ ಪ್ಯಾಕ್ ಒಣಗುವ ಮುಂಚೆ: ಯಾವ ಚರ್ಮಕ್ಕೆ ಯಾವುದು, ಎಷ್ಟು ಹೊತ್ತು

ಅಕ್ಕನ ಮದುವೆಗೆ ಎರಡೇ ದಿನ ಇತ್ತು. ಡಿಸೆಂಬರ್ ತಿಂಗಳು. ಮುಲ್ತಾನಿ ಮಿಟ್ಟಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಮುಖಕ್ಕೆ ದಪ್ಪಗೆ ಬಳಿದುಕೊಂಡು, ಫ್ಯಾನಿನ ಕೆಳಗೆ ಮಲಗಿಬಿಟ್ಟೆ. ಎದ್ದಾಗ ಮುಖ ಏಪ್ರಿಲ್ ತಿಂಗಳ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು. ತೊಳೆದರೆ ಎರಡೂ ಕೆನ್ನೆ ಕೆಂಪು, ಮುಟ್ಟಿದರೆ ಉರಿ. ಮದುವೆಯ ಆಲ್ಬಂ ನೋಡಿದವರು ಈಗಲೂ "ಎಷ್ಟು ನಾಚಿಕೊಂಡಿದ್ದೀಯ" ಅಂತಾರೆ. ನಾಚಿಕೆ ಅಲ್ಲ, ನಿಂಬೆಹಣ್ಣು.

ಅವತ್ತು ನಾನು ಮಾಡಿದ್ದು ಮೂರು ತಪ್ಪು. ಚಳಿಗೆ ಒಣಗಿದ್ದ ಚರ್ಮಕ್ಕೆ ಜೇಡಿಮಣ್ಣು ಹಾಕಿದ್ದು ಒಂದು. ನಿಂಬೆ ಹಿಂಡಿದ್ದು ಇನ್ನೊಂದು. ಅದು ಪೂರ್ತಿ ಒಣಗುವವರೆಗೆ ಬಿಟ್ಟಿದ್ದು ಮೂರನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು. ಫೇಸ್ ಪ್ಯಾಕಿನಿಂದ ಮುಖ ಕೆಡಿಸಿಕೊಂಡವರನ್ನು ಕೇಳಿ ನೋಡಿ. ಬಹಳ ಸಲ ಪ್ಯಾಕ್ ಕೆಟ್ಟದ್ದಾಗಿರುವುದಿಲ್ಲ. ಅದು ಜಾಸ್ತಿ ಹೊತ್ತು ಮುಖದ ಮೇಲೆ ಕೂತಿರುತ್ತದೆ, ಇಲ್ಲವೇ ವಾರದಲ್ಲಿ ನಾಲ್ಕು ಸಲ ಬಂದು ಹೋಗಿರುತ್ತದೆ.

ಕೊರೊನಾ ಬಂದ ಮೇಲೆ ಮಾಸ್ಕ್ ಅಂದರೆ ಮೂಗು-ಬಾಯಿಗೆ ಕಟ್ಟುವುದು ಅಂತಾಗಿದೆ. ಹಾಗಾಗಿ ಇಲ್ಲಿ ಪ್ಯಾಕ್ ಅಂತಲೇ ಕರೆಯುತ್ತೇನೆ.

ಮೊದಲು ಮುಖ ನೋಡಿಕೊಳ್ಳಿ

ರಜೆಯ ದಿನ ಬೆಳಿಗ್ಗೆ ಮೃದುವಾದ ಫೇಸ್ ವಾಶಿನಿಂದ ಮುಖ ತೊಳೆಯಿರಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಏನೂ ಹಚ್ಚಬೇಡಿ. ಒಂದು ಗಂಟೆ ಬಿಟ್ಟು ಹಣೆ, ಮೂಗು, ಕೆನ್ನೆ, ಗದ್ದಕ್ಕೆ ಬೇರೆ ಬೇರೆ ಟಿಶ್ಯೂ ಒತ್ತಿ ನೋಡಿ.

ಎಲ್ಲ ಕಡೆ ಜಿಡ್ಡು ಅಂಟಿದರೆ ಎಣ್ಣೆ ಚರ್ಮ. ಎಲ್ಲೂ ಅಂಟದೆ ನಕ್ಕಾಗ ಕೆನ್ನೆ ಬಿಗಿದಂತೆ ಅನಿಸಿದರೆ ಒಣ ಚರ್ಮ. ಹಣೆ-ಮೂಗಿನಲ್ಲಿ ಮಾತ್ರ ಜಿಡ್ಡಿದ್ದರೆ ಮಿಶ್ರ ಚರ್ಮ. ಬಹಳಷ್ಟು ಜನರದ್ದು ಇದೇ. ಹೊಸದೇನು ಹಚ್ಚಿದರೂ ಚುರುಚುರು ಅನ್ನುವ, ತಟ್ಟನೆ ಕೆಂಪಾಗುವ ಮುಖವಿದ್ದರೆ ಅದು ಸೂಕ್ಷ್ಮ ಚರ್ಮ. ಇದು ಮೇಲಿನ ಯಾವುದರ ಜೊತೆಗೂ ಇರಬಹುದು.

ಇನ್ನೊಂದು ಗುಂಪಿದೆ. ಮೇಲೆ ಜಿಡ್ಡು, ಒಳಗೆ ಬಿಗಿತ. ಇವರ ಚರ್ಮದಲ್ಲಿ ಎಣ್ಣೆ ಇದೆ, ನೀರಿನಂಶ ಇಲ್ಲ. ದಿನಕ್ಕೆ ನಾಲ್ಕು ಸಲ ಫೇಸ್ ವಾಶ್ ಹಾಕಿ ಹೀಗೆ ಮಾಡಿಕೊಂಡವರೇ ಜಾಸ್ತಿ. ಇವರು ಎಣ್ಣೆ ಚರ್ಮ ಅಂದುಕೊಂಡು ಮುಲ್ತಾನಿ ಮಿಟ್ಟಿ ಹಿಡಿದರೆ ಬಿಗಿತ ಇನ್ನೂ ಹೆಚ್ಚುತ್ತದೆ.

ಊರು, ಕಾಲ ಬದಲಾದರೂ ಲೆಕ್ಕ ಬದಲಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಒಗ್ಗಿದ ಪ್ಯಾಕ್ ಕಲಬುರಗಿಯ ಒಣ ಬಿಸಿಲಿನಲ್ಲಿ ಒಗ್ಗಬೇಕೆಂದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಮುಖ ಒಣಗಿತು ಅನ್ನುವವರು ಒಮ್ಮೆ ನಲ್ಲಿಯ ಕಡೆ ನೋಡಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಪು ಸರಿಯಾಗಿ ಹೋಗುವುದಿಲ್ಲ. ಚರ್ಮದ ಮೇಲೆ ಉಳಿದು ಒಣಗಿಸುತ್ತದೆ. ಅಂಥ ಮನೆಯಲ್ಲಿ ನಾನು ಪ್ಯಾಕ್ ತೆಗೆದ ಮೇಲೆ ಕೊನೆಯ ಒಂದು ಚೊಂಬನ್ನು ಫಿಲ್ಟರ್ ನೀರಿನಲ್ಲೇ ತೊಳೆಯುತ್ತೇನೆ. ಅತಿ ಅನಿಸಬಹುದು. ಒಂದು ತಿಂಗಳು ಮಾಡಿ ನೋಡಿ.

ಎಣ್ಣೆ ಚರ್ಮ, ಮತ್ತು ಮುಲ್ತಾನಿ ಮಿಟ್ಟಿಯ ಮೂರು ಹಂತ

ಈ ಮಣ್ಣಿಗೆ ಹೆಸರು ಬಂದಿದ್ದು ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ಊರಿನಿಂದ. ಜಿಡ್ಡು ಹೀರುವುದು ಇದರ ಗುಣ. ಹಿಂದೆ ಕುರಿಯ ಉಣ್ಣೆಯ ಜಿಡ್ಡು ತೆಗೆಯಲು ಇಂಥ ಮಣ್ಣನ್ನೇ ಬಳಸುತ್ತಿದ್ದರು. ಉಣ್ಣೆಯ ಜಿಡ್ಡು ತೆಗೆಯುವ ಶಕ್ತಿ ಇರುವುದನ್ನು ಕೆನ್ನೆಗೆ ಹಚ್ಚುತ್ತಿದ್ದೇವೆ ಅನ್ನುವುದು ನೆನಪಿದ್ದರೆ ಅರ್ಧ ಎಚ್ಚರ ತಾನಾಗಿ ಬರುತ್ತದೆ.

ಗಡ್ಡೆಯಾಗಿ ಸಿಗುವ ಮಣ್ಣಿನಲ್ಲಿ ಮರಳು ಇರುತ್ತದೆ. ಪುಡಿ ಮಾಡಿ ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ. ವಸ್ತ್ರಗಾಳಿತ ಅಂತಾರಲ್ಲ, ಅಷ್ಟು ನಯವಾಗಿರಬೇಕು. ಬೆರಳ ನಡುವೆ ಉಜ್ಜಿದಾಗ ತರಿತರಿ ಅನ್ನಬಾರದು. ಒಂದು ದೊಡ್ಡ ಚಮಚ ಪುಡಿಗೆ ಸ್ವಲ್ಪ ಸ್ವಲ್ಪವೇ ಗುಲಾಬಿ ಜಲ ಅಥವಾ ಬರೀ ನೀರು ಸೇರಿಸಿ. ಇಡ್ಲಿ ಹಿಟ್ಟಿನಷ್ಟು ಮಂದವಾದರೆ ಸಾಕು. ಚರ್ಮ ಅಷ್ಟೇನೂ ಜಿಡ್ಡಿಲ್ಲ ಅಂದರೆ ನೀರಿನ ಬದಲು ಮೊಸರು ಹಾಕಿ.

ಈಗ ಮುಖ್ಯವಾದದ್ದು. ಜೇಡಿಮಣ್ಣಿನ ಪ್ಯಾಕ್ ಮುಖದ ಮೇಲೆ ಮೂರು ಹಂತ ದಾಟುತ್ತದೆ. ಮೊದಲು ಒದ್ದೆಯಾಗಿ, ತಣ್ಣಗಿರುತ್ತದೆ. ಆಮೇಲೆ ಅಂಚುಗಳ ಬಣ್ಣ ತಿಳಿಯಾಗಲು ಶುರುವಾಗುತ್ತದೆ. ನಡುವೆ ಇನ್ನೂ ತೇವ, ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟುತ್ತದೆ. ಆಗಲೇ ತೆಗೆಯಬೇಕು. ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಮೂರನೆಯ ಹಂತಕ್ಕೆ ಬಿಟ್ಟರೆ ಮುಖ ಬಿಗಿದು, ಬಾಯಿ ಆಡಿಸಿದರೆ ಬಿರುಕು ಬೀಳುತ್ತದೆ. ಎಣ್ಣೆಯ ಜೊತೆ ಚರ್ಮದ ತೇವವೂ ಹೋಗುತ್ತದೆ. ಬಿಗಿದರೆ ಕೆಲಸ ಮಾಡುತ್ತಿದೆ ಅಂತ ನಾವೆಲ್ಲ ನಂಬಿದ್ದೇವೆ. ಅದು ಬರೀ ಒಣಗುತ್ತಿರುವ ಮಣ್ಣು.

ಗಡಿಯಾರದ ಲೆಕ್ಕದಲ್ಲಿ 8ರಿಂದ 10 ನಿಮಿಷ. ಫ್ಯಾನ್ ಹಾಕಿದ್ದರೆ ಇನ್ನೂ ಬೇಗ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಚಳಿಯಲ್ಲಿ ಒಂದೇ ಸಲ. ಅಂಗಡಿಯದ್ದು ಕೊಳ್ಳುವುದಾದರೆ, ಕೆಯೊಲಿನ್ ಅನ್ನುವ ಬಿಳಿ ಮಣ್ಣು ಮೃದು, ಬೆಂಟೊನೈಟ್ ಜೋರು. ಒಂದು ಮಾತು ನೆನಪಿಡಿ. ಯಾವ ಮಣ್ಣೂ ಎಣ್ಣೆ ಬರುವುದನ್ನು ನಿಲ್ಲಿಸುವುದಿಲ್ಲ, ಮೇಲೆ ಇರುವುದನ್ನು ಹೀರುತ್ತದೆ ಅಷ್ಟೇ. ನಾಳೆ ಮತ್ತೆ ಜಿಡ್ಡಾದರೆ ಪ್ಯಾಕ್ ಮೋಸ ಮಾಡಿತು ಅಂದುಕೊಳ್ಳಬೇಡಿ.

ಮೂಗಿನ ಮೇಲಿನ ಬೂದು ಚುಕ್ಕೆಗಳನ್ನು ಕೀಳುತ್ತೇನೆ ಅನ್ನುವ ಕಪ್ಪು ಇದ್ದಿಲಿನ ಪೀಲ್-ಆಫ್ ಮಾಸ್ಕ್ ನನಗೆ ಇಷ್ಟವಿಲ್ಲ. ಅದು ಅಂಟಿನ ಹಾಗೆ ಹಿಡಿದು ಸಣ್ಣ ಕೂದಲು, ಮೇಲಿನ ಚರ್ಮ ಎರಡನ್ನೂ ಎಳೆಯುತ್ತದೆ. ಆ ಚುಕ್ಕೆಗಳಲ್ಲಿ ಹೆಚ್ಚಿನವು ರಂಧ್ರದೊಳಗೆ ಸಹಜವಾಗಿ ಇರುವ ಎಣ್ಣೆ. ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಮೊಡವೆ ಇದ್ದರೆ

ಪ್ಯಾಕ್ ಮೊಡವೆಗೆ ಔಷಧಿಯಲ್ಲ. ಸ್ವಲ್ಪ ನೆರವಾಗಬಹುದು. ಅಂಗಡಿಯಲ್ಲಿ ಹುಡುಕುವುದಾದರೆ ಶೇಕಡಾ 0.5ರಿಂದ 2ರಷ್ಟು ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ನೋಡಿ. ಇದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗಿನ ಜಿಡ್ಡಿನವರೆಗೆ ಹೋಗುತ್ತದೆ. ವಾರಕ್ಕೊಮ್ಮೆ ಶುರು ಮಾಡಿ. ಕಡಲೆಹಿಟ್ಟು, ಅಕ್ಕಿಹಿಟ್ಟು, ಸಕ್ಕರೆ ಹಾಕಿ ಉಜ್ಜುವುದು ಬೇಡವೇ ಬೇಡ. ಕೀವಿನ ಗುಳ್ಳೆಯನ್ನು ಉಜ್ಜಿದರೆ ಊತ ಇನ್ನೂ ಹೆಚ್ಚುತ್ತದೆ, ಕಲೆಯೂ ಉಳಿಯುತ್ತದೆ.

ಹಣೆಯ ಅಂಚಿನಲ್ಲೇ ಸಣ್ಣ ಸಣ್ಣ ಗುಳ್ಳೆ ಬರುತ್ತಿದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನು ಅನುಮಾನಿಸಿ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ಅಭ್ಯಾಸ ಬಿಟ್ಟರೆ ಯಾವ ಪ್ಯಾಕೂ ಇಲ್ಲದೆ ಕಡಿಮೆಯಾಗಬಹುದು. ಆಳವಾಗಿ ಗಂಟು ಕಟ್ಟುವ, ನೋಯುವ ಮೊಡವೆ ಇದ್ದರೆ ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಒಣ ಚರ್ಮಕ್ಕೆ

ಇಲ್ಲಿ ಹೀರುವುದಲ್ಲ, ಕೊಡುವುದು ಬೇಕು. ನಮ್ಮಜ್ಜಿ ಹೆಸರುಹಿಟ್ಟಿಗೆ ಹಾಲಿನ ಕೆನೆ ಕಲಸುತ್ತಿದ್ದರು. ಲೆಕ್ಕ ಸರಿಯಾಗಿಯೇ ಇದೆ. ಹಿಟ್ಟು ಮೃದುವಾಗಿ ಕೊಳೆ ತೆಗೆಯುತ್ತದೆ, ಕೆನೆಯ ಕೊಬ್ಬು ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ಆದರೆ ಅವರು ಅದನ್ನು ಒಣಗಲು ಬಿಡುತ್ತಲೇ ಇರಲಿಲ್ಲ. ಹಚ್ಚಿದ ಹಾಗೇ ಬಚ್ಚಲಿಗೆ ಕಳಿಸುತ್ತಿದ್ದರು. ಒಲೆಯ ಮೇಲೆ ನೀರು ಆರುತ್ತದೆ ಅನ್ನುವುದೇ ಅವರ ಟೈಮರ್.

ನಾನು ಈಗ ಜಾಸ್ತಿ ಬಳಸುವುದು ಓಟ್ಸ್. ಎರಡು ಚಮಚ ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟಿನಷ್ಟು ನಯವಾಗಿ ಪುಡಿ ಮಾಡಿ, ಉಗುರುಬೆಚ್ಚಗಿನ ಹಾಲು ಹಾಕಿ ಐದು ನಿಮಿಷ ನೆನೆಸಿ. ಲೋಳೆಲೋಳೆ ಆಗುತ್ತದೆ. ಆ ಲೋಳೆಯೇ ಚರ್ಮವನ್ನು ತಣಿಸುವುದು. ತುರಿಕೆ ಇರುವ ಚರ್ಮಕ್ಕೆ ಡಾಕ್ಟರುಗಳು ಹೇಳುವ ಲೋಷನ್‌ಗಳಲ್ಲಿಯೂ ನಯವಾಗಿ ಪುಡಿ ಮಾಡಿದ ಓಟ್ಸ್ ಇರುತ್ತದೆ. ಬೇಕಾದರೆ ಅರ್ಧ ಚಮಚ ಜೇನುತುಪ್ಪ ಸೇರಿಸಿ, ಅದು ತೇವ ಹಿಡಿದಿಡುತ್ತದೆ. 10ರಿಂದ 15 ನಿಮಿಷ ಸಾಕು. ಒಣಗುತ್ತಿದೆ ಅನಿಸಿದರೆ ಒದ್ದೆ ಬೆರಳಿನಿಂದ ಸವರುತ್ತಿರಿ.

ತೊಳೆದ ಮೇಲೆ ಮುಖ ಇನ್ನೂ ಹಸಿಯಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಪ್ಯಾಕಿಗಿಂತ ಇದರಿಂದಲೇ ಜಾಸ್ತಿ ಲಾಭ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಶೀಟ್ ಮಾಸ್ಕ್, ಅಂದರೆ ದ್ರವದಲ್ಲಿ ನೆನೆಸಿ ಪೊಟ್ಟಣದಲ್ಲಿ ಬರುವ ಮುಖದಾಕಾರದ ತೆಳು ಬಟ್ಟೆ ಕೂಡ ಒಣ ಚರ್ಮದವರಿಗೇ ಹೆಚ್ಚು ಸರಿ. 15 ನಿಮಿಷ, ಬಹಳ ಅಂದರೆ 20. ರಾತ್ರಿಯಿಡೀ ಇಟ್ಟುಕೊಂಡರೆ ಒಣಗಿದ ಬಟ್ಟೆ ಮುಖದ ಮೇಲೆ ಕೂತಂತೆ. ಪೊಟ್ಟಣದಲ್ಲಿ ಉಳಿದ ದ್ರವವನ್ನು ಕುತ್ತಿಗೆಗೆ, ಕೈಗೆ ಹಚ್ಚಿ. ಮುಖವನ್ನು ತೊಳೆಯುವುದು ಬೇಡ, ಮೇಲೆ ಕ್ರೀಮ್ ಹಚ್ಚಿದರೆ ಆಯಿತು. ಒಂದು ಮಾಸ್ಕಿನ ದುಡ್ಡಿಗೆ ಒಂದು ವಾರದ ಓಟ್ಸ್ ಬರುತ್ತದೆ, ಅದು ಬೇರೆ ಮಾತು.

ಮಿಶ್ರ ಚರ್ಮದವರಿಗೆ ಉಪಾಯ ಸುಲಭ. ಹಣೆ, ಮೂಗಿಗೆ ಮಣ್ಣು. ಕೆನ್ನೆಗೆ ಓಟ್ಸ್. ಒಂದೇ ಮುಖಕ್ಕೆ ಒಂದೇ ಪ್ಯಾಕ್ ಅಂತ ಯಾರೂ ಬರೆದಿಟ್ಟಿಲ್ಲ.

ಸೂಕ್ಷ್ಮ ಚರ್ಮ

ಎಷ್ಟು ಕಡಿಮೆ ಸಾಮಾನು ಹಾಕುತ್ತೀರೋ ಅಷ್ಟು ಒಳ್ಳೆಯದು. ಓಟ್ಸ್ ಮತ್ತು ನೀರು, ಅಷ್ಟೇ. ಸುವಾಸನೆ, ಪುದೀನ, ದಾಲ್ಚಿನ್ನಿ, ನಿಂಬೆ ಇರುವುದೆಲ್ಲ ಪಕ್ಕಕ್ಕಿಡಿ. ಮನೆಯಂಗಳದ ಲೋಳೆಸರ ಬಳಸುವವರು ಎಲೆ ಕತ್ತರಿಸಿದ ಕೂಡಲೇ ಬಳಿದುಕೊಳ್ಳಬೇಡಿ. ಸಿಪ್ಪೆಯ ಕೆಳಗಿನಿಂದ ಹಳದಿ ರಸ ಒಸರುತ್ತದೆ, ಅದು ಚರ್ಮಕ್ಕೆ ಕಿರಿಕಿರಿ ಮಾಡುತ್ತದೆ. ಕತ್ತರಿಸಿದ ತುದಿ ಕೆಳಗೆ ಮಾಡಿ ಹದಿನೈದು ನಿಮಿಷ ನಿಲ್ಲಿಸಿ, ತೊಳೆದು, ಸಿಪ್ಪೆ ತೆಗೆದು, ಒಳಗಿನ ತಿಳಿ ಲೋಳೆ ಮಾತ್ರ ತೆಗೆದುಕೊಳ್ಳಿ.

ಕಲೆ, ಟ್ಯಾನ್, ಬಂಗು

ಮನೆಮದ್ದಿನ ಹೆಸರಿನಲ್ಲಿ ಅತಿ ಹೆಚ್ಚು ಅನಾಹುತ ಆಗುವುದು ಇಲ್ಲಿಯೇ. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹುಟ್ಟಿದ ಬಣ್ಣವನ್ನು ಯಾವ ಪ್ಯಾಕೂ ಬದಲಿಸುವುದಿಲ್ಲ. ಬದಲಿಸಬೇಕಾದ ಅಗತ್ಯವೂ ಇಲ್ಲ. ಬಿಸಿಲಿಗೆ ಕಪ್ಪಾದದ್ದು ಬಿಸಿಲು ತಪ್ಪಿಸಿದರೆ ವಾರಗಳಲ್ಲಿ ತಾನೇ ತಿಳಿಯಾಗುತ್ತದೆ. ಕೆನ್ನೆಯ ಮೇಲೆ ಕಂದು ಮೋಡದಂತೆ ಕೂರುವ ಬಂಗು ಬೇರೆ. ಅದರ ಹಿಂದೆ ಬಿಸಿಲು, ಹಾರ್ಮೋನು ಎರಡೂ ಇರುತ್ತವೆ. ಬಸುರಿನಲ್ಲಿ ಬರುವುದು ಅದಕ್ಕೇ. ಅದಕ್ಕೆ ಮೊದಲ ಮದ್ದು ಪ್ರತಿದಿನದ ಸನ್‌ಸ್ಕ್ರೀನ್. ಆಮೇಲಿನದ್ದು ಡಾಕ್ಟರ ಕೆಲಸ.

ನಿಂಬೆ ಯಾಕೆ ಬೇಡ? ಹುಳಿಯನ್ನು ಅಳೆಯುವ ಲೆಕ್ಕ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ ಸುಮಾರು 5ರ ಆಸುಪಾಸು, ನಿಂಬೆರಸದ್ದು 2ರ ಹತ್ತಿರ. ಅಷ್ಟು ಹುಳಿಯನ್ನು ಚರ್ಮ ತಾಳುವುದಿಲ್ಲ. ಇನ್ನೂ ಒಂದು ಅಪಾಯ ಇದೆ. ನಿಂಬೆಯ ಸಿಪ್ಪೆ, ರಸದಲ್ಲಿರುವ ಕೆಲವು ಅಂಶಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ. ಗುಳ್ಳೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕಲೆ ಹೋಗಲೆಂದು ಹಚ್ಚಿದ್ದು ಕಲೆಯನ್ನೇ ಕೊಟ್ಟು ಹೋಗುತ್ತದೆ. ಅಡುಗೆ ಸೋಡಾವೂ ಅಷ್ಟೇ, ಅದು ಇನ್ನೊಂದು ತುದಿಯ ಕ್ಷಾರ.

ಅರಿಶಿನ ಹಚ್ಚುವುದಾದರೆ ಗ್ರಂಥಿಗೆ ಅಂಗಡಿಯಲ್ಲಿ ಕಸ್ತೂರಿ ಅರಿಶಿನ ಕೇಳಿ. ಅಡುಗೆಯದ್ದು ಮೂರು ದಿನ ಮುಖ ಹಳದಿ ಮಾಡಿ ಕೂರಿಸುತ್ತದೆ. ಕಸ್ತೂರಿ ಅರಿಶಿನದ ಬಣ್ಣ ಅಷ್ಟು ಗಾಢ ಇರುವುದಿಲ್ಲ, ವಾಸನೆ ಕರ್ಪೂರವನ್ನು ನೆನಪಿಸುತ್ತದೆ. ಪೊಟ್ಟಣದ ಪುಡಿ ಸಾಂಬಾರಿನ ಅರಿಶಿನದ ಹಾಗೇ ಕಂಡರೆ ಅದು ಬಹುಶಃ ಅದೇ. ಎರಡು ಚಮಚ ಕಡಲೆಹಿಟ್ಟಿಗೆ ಒಂದು ಚಿಟಿಕೆ ಸಾಕು.

ಶ್ರೀಗಂಧದ ಕಥೆಯೂ ಹೀಗೆಯೇ. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ನಾಡು ನಮ್ಮದು, ಗಂಧದ ಬೆಲೆ ನಮಗೆ ಗೊತ್ತು. ಐವತ್ತು ರೂಪಾಯಿಗೆ ನೂರು ಗ್ರಾಂ ಶುದ್ಧ ಗಂಧದ ಪುಡಿ ಅಂದರೆ ನಗು ಬರಬೇಕು. ಮನೆಯಲ್ಲಿ ಹಳೆಯ ಕೊರಡು, ಸಾಣೆಕಲ್ಲು ಇದ್ದರೆ ನಾಲ್ಕು ಹನಿ ನೀರು ಹಾಕಿ ತೇಯ್ದುಕೊಳ್ಳಿ. ಸೆಕೆಯಲ್ಲಿ ತಂಪಾಗಿರುತ್ತದೆ. ಬೆಳ್ಳಗೆ ಮಾಡುತ್ತದೆ ಅಂತ ನಂಬಿ ತೇಯಬೇಡಿ.

ಇದೇ ಜಾಗದಲ್ಲಿ ಒಂದು ಗಂಭೀರ ಮಾತು. ಬೇಗ ಬೆಳ್ಳಗೆ ಮಾಡುವ ಕ್ರೀಮು ಅಂತ ಗೆಳತಿಯರು ಕೈಗಿಡುವ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುವುದುಂಟು. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟೆರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಓಟ್ಸ್ ಹಚ್ಚಿದರೂ ಮುಖ ಉರಿಯುತ್ತಿದೆ, ಇಂಥ ಕ್ರೀಮು ಬಳಸುತ್ತಿದ್ದೀರಿ ಅಂದರೆ ಪ್ಯಾಕ್ ಬದಲಿಸುತ್ತಾ ಕೂರಬೇಡಿ. ಟ್ಯೂಬನ್ನೇ ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಹಚ್ಚುವ ಕ್ರಮ

ಹೊಸ ಪ್ಯಾಕ್ ಯಾವುದೇ ಇರಲಿ, ಮನೆಯದ್ದೇ ಇರಲಿ, ಎರಡು ದಿನ ಮುಂಚೆ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಗೆ ಒಂದು ಬೊಟ್ಟಿನಷ್ಟು ಹಚ್ಚಿ, ಹತ್ತು ನಿಮಿಷಕ್ಕೆ ತೊಳೆದು, 24ರಿಂದ 48 ಗಂಟೆ ಕಾಯಿರಿ. ಕೆಂಪು, ತುರಿಕೆ ಏನೂ ಇಲ್ಲದಿದ್ದರೆ ಮುಂದುವರಿಯಿರಿ. ಮನೆಯದ್ದು, ಗಿಡದ್ದು ಅಂದ ಮಾತ್ರಕ್ಕೆ ಅಲರ್ಜಿ ಬರುವುದಿಲ್ಲ ಅಂತೇನಿಲ್ಲ. ತುರಿಕೆ ಸೊಪ್ಪೂ ಗಿಡವೇ ಅಲ್ವಾ?

ಸಂಜೆ ಹೊತ್ತು ಆರಿಸಿಕೊಳ್ಳಿ. ಪ್ಯಾಕ್ ತೆಗೆದ ಚರ್ಮವನ್ನು ಕೂಡಲೇ ಬಿಸಿಲಿಗೆ ಒಯ್ಯುವುದು ಬೇಡ.

1. ಕೂದಲು ಕಟ್ಟಿ, ಹಳೆಯ ನೈಟಿ ಅಥವಾ ಟೀಶರ್ಟ್ ಹಾಕಿಕೊಳ್ಳಿ. ಕೈ ತೊಳೆಯಿರಿ.
2. ಮೇಕಪ್, ಸನ್‌ಸ್ಕ್ರೀನ್ ಪೂರ್ತಿ ಹೋಗುವಂತೆ ಮುಖ ತೊಳೆಯಿರಿ. ಇದರ ಜೊತೆ ಸ್ಕ್ರಬ್ ಬೇಡ, ಸ್ಟೀಮ್ ಬೇಡ. ಪಾರ್ಲರಿನಲ್ಲಿ ಎಲ್ಲ ಒಟ್ಟಿಗೆ ಮಾಡುತ್ತಾರೆ ಅಂತ ಮನೆಯಲ್ಲೂ ಮಾಡಬೇಕಾಗಿಲ್ಲ.
3. ಮನೆಯ ಪ್ಯಾಕ್, ಮಣ್ಣಿನ ಪ್ಯಾಕ್ ಆದರೆ ಮುಖ ಸ್ವಲ್ಪ ಹಸಿಯಾಗಿರಲಿ. ಆಸಿಡ್ ಇರುವ ಪ್ಯಾಕ್ ಆದರೆ ಪೂರ್ತಿ ಒಣಗಿರಲಿ, ಹಸಿ ಚರ್ಮದಲ್ಲಿ ಅದು ಜಾಸ್ತಿ ಚುಚ್ಚುತ್ತದೆ.
4. ಬ್ರಷ್ ಅಥವಾ ಬೆರಳಿನಿಂದ ತೆಳ್ಳಗೆ, ಒಂದೇ ಸಮ ಹಚ್ಚಿ. ಕಣ್ಣಿನ ಸುತ್ತ ಒಂದು ಬೆರಳಗಲ, ತುಟಿಯ ಅಂಚು, ಮೂಗಿನ ಹೊಳ್ಳೆಯ ಮಡಿಕೆ ಬಿಡಿ.
5. ಮೊಬೈಲಿನಲ್ಲಿ ಟೈಮರ್ ಇಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಅಡುಗೆ ಮನೆಯಲ್ಲಿದ್ದರೆ ಕುಕ್ಕರ್ ವಿಷಲ್ ನಂಬಿ ಕೂರಬೇಡಿ, ನನ್ನ ಕುಕ್ಕರ್ ಒಮ್ಮೊಮ್ಮೆ ಕೂಗುವುದೇ ಇಲ್ಲ.
6. ತೆಗೆಯುವಾಗ ಕೆರೆಯಬೇಡಿ. ಮೊದಲು ಒದ್ದೆ ಕೈ ಇಟ್ಟು ಮೆತ್ತಗಾಗಲು ಬಿಡಿ. ಹಳೆಯ ಮೃದು ಹತ್ತಿ ಬಟ್ಟೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿ, ಆಮೇಲೆ ತೊಳೆಯಿರಿ. ಮಣ್ಣಿನ ದಪ್ಪ ಭಾಗವನ್ನು ಬೇಸಿನ್ನಿಗೆ ಬಿಡಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.
7. ಒತ್ತಿ ಒರೆಸಿ ಕೂಡಲೇ ಮಾಯಿಶ್ಚರೈಸರ್. ಮಾರನೇ ಬೆಳಿಗ್ಗೆ ಸನ್‌ಸ್ಕ್ರೀನ್.

ಹಚ್ಚಿದಾಗ ಮೊದಲ ನಿಮಿಷ ಸಣ್ಣಗೆ ಚುರುಗುಟ್ಟಿ ನಿಂತರೆ ಆಸಿಡ್ ಪ್ಯಾಕಿನಲ್ಲಿ ಅದು ಮಾಮೂಲಿ. ಉರಿ ಏರುತ್ತಾ ಹೋದರೆ ಟೈಮರ್ ನೋಡಬೇಡಿ, ತೊಳೆಯಿರಿ. ಬರೀ ತಣ್ಣೀರು. ಆಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ. ಒಂದು ವಾರ ಬೇರೇನೂ ಬೇಡ. ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಯಾವಾಗ ಬೇಡ

ಥ್ರೆಡಿಂಗ್, ವ್ಯಾಕ್ಸಿಂಗ್ ಆದ ದಿನ ಬೇಡ, ಮಾರನೇ ದಿನವೂ ಬಿಡಿ. ಗಂಡಸರು ಶೇವ್ ಮಾಡಿದ ಕೂಡಲೇ ಹಚ್ಚಬಾರದು. ಗಡ್ಡ ಬಿಟ್ಟವರು ಮಣ್ಣನ್ನು ಹಣೆ-ಮೂಗಿಗೆ ಮಾತ್ರ ಹಚ್ಚಿ, ಇಲ್ಲದಿದ್ದರೆ ಕೀಳುವುದರಲ್ಲೇ ಸಂಜೆ ಕಳೆಯುತ್ತದೆ. ರೆಟಿನಾಲ್ (ವಿಟಮಿನ್ ಎ ಬಗೆಯದ್ದು) ಇರುವ ಕ್ರೀಮು ಬಳಸುವವರು ಆಸಿಡ್ ಪ್ಯಾಕ್ ಅದೇ ರಾತ್ರಿ ಹಚ್ಚಬೇಡಿ. ಬಸುರಿಯರು ಆಸಿಡ್ ಇರುವ ಯಾವುದನ್ನೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಮದುವೆ, ಗೃಹಪ್ರವೇಶ ಇದೆ ಅಂದರೆ ಹೊಸ ಪ್ಯಾಕಿನ ಪ್ರಯೋಗ ಒಂದು ತಿಂಗಳ ಮುಂಚೆಯೇ ಆಗಲಿ. ಕೊನೆಯದ್ದು ಮೂರು ದಿನ ಮುಂಚೆ. ನನ್ನ ಹಾಗೆ ಆಲ್ಬಂ ತುಂಬಾ ನಾಚಿಕೊಳ್ಳಬೇಡಿ.

ಅಂಗಡಿಯದ್ದು ಕೊಳ್ಳುವಾಗ ಡಬ್ಬಿಯ ಹಿಂದೆ ತಿರುಗಿಸಿ ನೋಡಿ. ಸಾಮಾನಿನ ಪಟ್ಟಿ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಇರುತ್ತದೆ. ಮುಂದೆ ದೊಡ್ಡದಾಗಿ ಕೇಸರಿಯ ಚಿತ್ರ ಇದ್ದು, ಪಟ್ಟಿಯಲ್ಲಿ ಕೇಸರಿ ಕೊನೆಯಲ್ಲಿದ್ದರೆ ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ. ತೆರೆದ ಡಬ್ಬಿಯ ಗುರುತಿನ ಮೇಲೆ 6 ಅಥವಾ 12 ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ಮೊದಲ ಸಲ ಸಣ್ಣ ಸ್ಯಾಷೆಯನ್ನೇ ತನ್ನಿ.

ಮನೆಯ ಪ್ಯಾಕಿಗೆ ಆ ಗುರುತೂ ಇಲ್ಲ. ಕೆಡದಂತೆ ಇಡುವ ಯಾವುದನ್ನೂ ನಾವು ಅದಕ್ಕೆ ಹಾಕಿರುವುದಿಲ್ಲ. ಒಣ ಪುಡಿಯನ್ನು ತೇವವಿಲ್ಲದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಕಲಸಿದ್ದನ್ನು ಮಾತ್ರ ಅವತ್ತೇ ಮುಗಿಸಿ, ಉಳಿದದ್ದು ಚೆಲ್ಲಿ. ಉಳಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. ಕಡಲೆಹಿಟ್ಟು, ಮೊಸರು, ಅರಿಶಿನ ಕಲಸಿ ಮಿಕ್ಕಿದ್ದನ್ನು ಒಮ್ಮೆ ಬಟ್ಟಲಿನಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೆ. ಮಾರನೇ ದಿನ ನಾನು ಬರುವಷ್ಟರಲ್ಲಿ ನಮ್ಮ ಯಜಮಾನರು ಅದಕ್ಕೆ ನೀರು ಬೆರೆಸಿ, ಬೂದುಗುಂಬಳ ಹೆಚ್ಚಿಟ್ಟುಕೊಂಡು, ಮಜ್ಜಿಗೆ ಹುಳಿಗೆ ಒಗ್ಗರಣೆ ಕಾಯಿಸುತ್ತಿದ್ದರು.